ಎಡಗೈಯ ಎರಡು ಬೆರಳು

ಮಹಾಂತೇಶ ನಗರದ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದವರು ಖಾನಾಪುರದ ಒಂದು ದವಾಖಾನೆಯ ನೆಟ್‌ವರ್ಕ್ ಯಂತ್ರವನ್ನು ಮನೆಯಿಂದಲೇ ನೋಡಿಕೊಳ್ಳುತ್ತಿದ್ದರು. ಕಪ್ಪು ಪರದೆಯ ಮೇಲೆ ಉದ್ದುದ್ದ ಆಜ್ಞೆ ಬರೆಯುವ ಕೆಲಸ. ನರದ ರೋಗಕ್ಕೆ ಮೊದಲು ಬಲಗೈ ಹೋಯಿತು. ಆಗ ಆ ಆಜ್ಞೆಗಳನ್ನು ಎಡಗೈಗೆ ನಿಲುಕುವ ಕೀಗಳಿಗೆ ಹೊಂದಿಸಿಕೊಂಡರು. ಕಿರುಬೆರಳು ಕಂಟ್ರೋಲ್ ಮೇಲೆ, ತೋರುಬೆರಳು ಜಿ ಮೇಲೆ ಒತ್ತಿದರೆ ಇಡೀ ಸಾಲು ತಾನೇ ಮೂಡುತ್ತಿತ್ತು.

“ಶಿವ ಎಡಗೈ ಉಳಿಸ್ಯಾನಲ್ರೀ ಅಕ್ಕಾರ, ಸಾಕು,” ಎನ್ನುತ್ತಿದ್ದರು, ದಿನಾ.

“ಪೂಜ್ಯಾಗ ಇಷ್ಟಲಿಂಗ ಹಿಡಿಯೂ ಕೈರೀ ಅದು. ಅದನ್ನ ಹೆಂಗ ಒಯ್ತಾನ ಶಿವ?” ಎಂದುಬಿಟ್ಟೆ ಒಮ್ಮೆ. ಹಾಗೆ ಅನ್ನಬಾರದಿತ್ತು.

ಒಂದು ಮುಂಜಾನೆ ರೊಟ್ಟಿ ಕೊಡಲು ಹೋದಾಗ ಖಾನಾಪುರದ ಲೈನ್ ಬಿದ್ದಿತ್ತು, ಫೋನು ಬಡಿದುಕೊಳ್ಳುತ್ತಿತ್ತು.

“ಬೆರಳ ಏಳವಲ್ವು ಅಕ್ಕಾರ. ನೀವ ಒತ್ರಿ.”

“ಏನರ ಕೆಟ್ರ?”

“ರೊಟ್ಟಿ ಬಡದಂಗ ಬಡೀಬ್ಯಾಡ್ರಿ ಮತ್ತ, ಕೆಡೂದಿಲ್ಲ!”

ಒತ್ತಿದೆ. ಲೈನ್ ಬಂತು. ಅವರು ತೊಡೆಯ ಮೇಲಿದ್ದ ಎಡಗೈಯನ್ನೇ ನೋಡುತ್ತ ಕುಳಿತರು. ಅಂದು ಸಾಕು ಅನ್ನಲಿಲ್ಲ.

ಅವರು ತೀರಿಕೊಂಡು ವರ್ಷವಾಯಿತು. ಇವತ್ತು ಪೂಜೆಯಲ್ಲಿ ಲಿಂಗ ಹಿಡಿದ ನನ್ನ ಎಡಗೈಯ ಬೆರಳು ಹೇಳಿದಂತೆ ಆಡಿದವು. ಸಾಕು ಅಂದೆ. ಆ ಮುಂಜಾನೆ ಅವರು ಅನ್ನದೆ ಉಳಿಸಿದ ‘ಸಾಕು’ ಅನ್ನೂ ಅವರ ಪರವಾಗಿ ನಾನೇ ಇನ್ನೊಮ್ಮೆ ಅಂದೆ.