ಬೀರುವಿನ ಹಿಂದಿನ ಹನ್ನೊಂದು ಚದರ ಮೀಟರ್

ಲಮ್ಜಿರಾಳ ಅಳತೆ ಟೇಪಿನ ಮೊದಲ ನಾಲ್ಕು ಸೆಂಟಿಮೀಟರ್ ಹರಿದುಹೋಗಿ ವರ್ಷಗಳಾಗಿದ್ದವು. ಆಕೆ ಹತ್ತರ ಗೆರೆಯಿಂದ ಹಿಡಿದು ಅಳೆದು, ಕೊನೆಗೆ ಹತ್ತು ಕಳೆಯುತ್ತಿದ್ದಳು. ಟಿಬಿಲಿಸಿಯ ಅರ್ಧ ಮನೆಗಳನ್ನು ಅಳೆದದ್ದು ಹೀಗೆಯೇ.

ಸೋವಿಯತ್ ಕಾಲದಲ್ಲಿ ಅಳತೆಯವರೆಂದರೆ ಜನರಿಗೆ ಹೆದರಿಕೆ. ತಲೆಗೆ ಇಷ್ಟೇ ಚದರ ಮೀಟರ್ ಎಂದಿತ್ತು. ಹೆಚ್ಚಿದ್ದರೆ ತೊಂದರೆ ತಪ್ಪುತ್ತಿರಲಿಲ್ಲ. ಈಗ, 2006ರಲ್ಲಿ, ಅದೇ ಟೇಪು ಬ್ಯಾಂಕಿನ ಪರವಾಗಿ ಅಳೆಯುತ್ತಿತ್ತು. ಕೊಳ್ಳುವ ಮನೆಯನ್ನೇ ಅಡವಿಟ್ಟು ಸಾಲ ತೆಗೆಯುವುದು ನಮ್ಮ ಬೀದಿಗೆ ಹೊಸದು.

ನಮ್ಮಲ್ಲಿ ಮೊದಲು ಅರ್ಜಿ ಹಾಕಿದವನು ಮೆಟ್ರೋ ರೈಲು ಓಡಿಸುವ ಜೂಂಬರ್. ತಿಂಗಳ ಕೊನೆಗೆ ಅವನು ಬಾಡಿಗೆ ಮನೆ ಬಿಡಬೇಕಿತ್ತು. ಎಲಿಕೊ ಅಜ್ಜಿ ತನ್ನ ಮನೆ ಮಾರಲು ಒಪ್ಪಿದ್ದಳು. ಸಾಲ ಎಷ್ಟೆಂಬುದು ಮಾತ್ರ ಲಮ್ಜಿರಾಳ ಅಳತೆಗೆ ಬಿಟ್ಟದ್ದು.

ಎಲಿಕೊಳ ಮನೆಯಲ್ಲಿ ಕಾಫಿ ಕುಡಿದು ಲಮ್ಜಿರಾ ಎರಡು ಕೋಣೆ, ಅಡುಗೆಮನೆ ಅಳೆದಳು. ನಲವತ್ತಾರು ಚದರ ಮೀಟರ್. ಕಡತದಲ್ಲಿದ್ದ 1981ರ ನಕ್ಷೆಯೂ ಅಷ್ಟೇ ಹೇಳುತ್ತಿತ್ತು. ಕೆಳಗೆ ಅವಳದೇ ಸಹಿ. ಆದರೂ ಅಂಗಳಕ್ಕೆ ಇಳಿದು ಮೇಲೆ ನೋಡಿದಳು. ಹೊರಗೆ ನಾಲ್ಕು ಕಿಟಕಿ. ಒಳಗೆ ಎಣಿಸಿದ್ದು ಮೂರು.

ಮತ್ತೆ ಮೆಟ್ಟಿಲು ಹತ್ತಿ ಬಂದು, ದೊಡ್ಡ ಬೀರುವಿನ ಪಕ್ಕದ ಗೋಡೆಯನ್ನು ಬೆರಳಿನಿಂದ ತಟ್ಟಿದಳು.

"ಇದರ ಹಿಂದೆ ಏನಿದೆ ಅಜ್ಜಿ?"

"ಗೋಡೆ."

"ಗೋಡೆಗೆ ಕಿಟಕಿ ಬೇರೆ ಇಟ್ಟಿದ್ದೀರಾ?"

ಪಕ್ಕದಲ್ಲಿ ನಿಂತಿದ್ದ ಜೂಂಬರ್ ಕಿವಿಯವರೆಗೆ ಕೆಂಪಾದ. ಬೆಳಿಗ್ಗೆ ಬೀರುವನ್ನು ಅಲ್ಲಿಗೆ ತಳ್ಳಿದವನು ಅವನೇ.

"ನಾನೇ ಹೇಳ್ದೆ ಕಣಮ್ಮ," ಎಂದಳು ಎಲಿಕೊ. "ಅಳೆಯೋರಿಗೆ ಕಾಣದ ಜಾಗಕ್ಕೆ ಯಾರ ಕಾಟವೂ ಇರಲ್ಲ. ಪಾಪ, ಈ ಹುಡುಗ ನೆಮ್ಮದಿಯಾಗಿರಲಿ ಅಂತ."

"ಅಯ್ಯೋ ದೇವರೇ!" ಎಂದಳು ಲಮ್ಜಿರಾ. "ಜಾಗ ಕಡಿಮೆಯಾದರೆ ಸಾಲವೂ ಕಡಿಮೆ. ಉಳಿದ ದುಡ್ಡು ಎಲ್ಲಿಂದ ತರ್ತೀಯೋ ಜೂಂಬರ್? ಸುರಂಗದಲ್ಲಿ ಬಿದ್ದಿದೆಯಾ?"

"ಅಳೆಯೋರು ಬಂದಾಗ ನಮ್ಮಮ್ಮ ಕೂಡ ಹೀಗೇ ಬೀರು ಅಡ್ಡ ಇಡ್ತಿದ್ದಳು," ಎಂದ ಅವನು, ಬೀರುವಿಗೆ ಹೆಗಲು ಕೊಡುತ್ತ.

ಹಿಂದೆ ಬಾಗಿಲು, ಅದರಾಚೆ, ಎಲಿಕೊಳ ಗಂಡ 1979ರಲ್ಲಿ ಪರವಾನಗಿಯಿಲ್ಲದೆ ಬಾಲ್ಕನಿಗೆ ಗೋಡೆ ಕಟ್ಟಿ ಮಾಡಿದ ಕೋಣೆ. ಹನ್ನೊಂದು ಚದರ ಮೀಟರ್ ಮತ್ತು ಸ್ವಲ್ಪ. ಅದು ಹಳೆಯದೆಂದು ಸಾಬೀತಾದರೆ ಮಾತ್ರ ನೋಂದಣಿ, ನೋಂದಣಿಯಾದರೆ ಮಾತ್ರ ಪೂರ್ತಿ ಸಾಲ. ಲಮ್ಜಿರಾ ಕಾಗದದ ಮೇಲೆ ಬರೆದಳು: 'ಹಿಂದಿನ ನಕ್ಷೆ ತಪ್ಪು. 1981ರಲ್ಲಿಯೂ ಈ ಕೋಣೆ ಇತ್ತು. ಅಳೆದವಳು ನಾನು, ಗಮನಿಸಲಿಲ್ಲ.'

"ನಿನ್ನ ಹೆಸರು ಕೆಡಲ್ವಾ?" ಎಂದಳು ಎಲಿಕೊ.

"ತಪ್ಪು ನಿಜ ತಾನೇ."

ಹೆಸರು ಕೆಟ್ಟಿತೋ ಇಲ್ಲವೋ, ಕಚೇರಿಯಲ್ಲಿ ಒಂದು ವಾರ ಎಲ್ಲರೂ ಅವಳನ್ನು "ಬೀರು" ಎಂದು ಕರೆದರು. ತಿಂಗಳ ಇಪ್ಪತ್ತಾರಕ್ಕೆ ಸಾಲ ಮಂಜೂರಾಯಿತು. ಬೀಗದ ಕೈ ಕೊಡುವ ದಿನ, ಕೆಲಸವಿಲ್ಲದಿದ್ದರೂ ಲಮ್ಜಿರಾ ಬಂದಳು.

"ಒಂದು ಕೇಳಬೇಕಿತ್ತು ಅಜ್ಜಿ. 1981ರಲ್ಲಿ ನಾನು ಅಳೆಯುವಾಗ ಗೋಡೆಯೊಳಗಿಂದ ಕೆಮ್ಮು ಕೇಳಿಸಿತ್ತು. ಪಕ್ಕದ ಮನೆ ಅಂದ್ಕೊಂಡೆ."

ಎಲಿಕೊ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನಮ್ಮತ್ತೆ. ಕೆಮ್ಮಬೇಡಿ ಅಂತ ವಾಲ್‌ನಟ್ ಮಿಠಾಯಿ ಕೊಟ್ಟು ಬೀರುವಿನ ಹಿಂದಿನ ಕೋಣೆಯಲ್ಲಿ ಕೂರಿಸಿದ್ದೆ. ಅದೇ ಗಂಟಲಿಗೆ ಸಿಕ್ಕಿಕೊಂಡಿತ್ತು."