ಮೆಂತೆ ಬಿಟ್ಟ ಮೂರು ತಿಂಗಳು

ಜುಲೇಖ ಮಾಮಿ ನನ್ನ ಕೈಗೆ ನಾಲ್ಕು ಕಿಲೋ ಮೆಂತೆ ಕೊಟ್ಟರು. ಅದರ ಮೇಲೆ ಒಂದು ಡಬ್ಬ ಎಳ್ಳು. ಅದರ ಮೇಲೆ ಎರಡು ಪ್ಯಾಕೆಟ್ ಸೋಯಾ, ಮಗಳು ಕಳಿಸಿದ ಅಗಸೆಬೀಜ.

“ಕೊಂಡುಹೋಗು ಮಾರಾಯ್ತಿ. ಈ ಮನೆಯಲ್ಲಿ ಇನ್ನು ಇದೆಲ್ಲ ಬೇಡ.”

“ಯಾಕೆ ಮಾಮಿ?”

“ಕ್ಯಾನ್ಸರ್ ಬರ್ತದೆ. ಎದೆಯ ಕ್ಯಾನ್ಸರ್. ವಾಟ್ಸಾಪಿನಲ್ಲಿ ಬಂದದ್ದು ನೀನು ಕೇಳ್ಲಿಲ್ವಾ?”

“ಮತ್ತೆ ನನಗೆ ಯಾಕೆ ಕೊಡ್ತೀರಿ?”

“ನಿನ್ನ ಕೋಳಿಗೆ ಹಾಕು.”

(ನನಗೆ ಕೋಳಿಗಳಿಲ್ಲ. ಮೂಡುಬಿದಿರೆಯ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ಕೋಳಿ ಸಾಕಲು ಯಾವ ಓನರ್ ಬಿಡುತ್ತಾರೆ?)

ಮಾಮಿ ನನ್ನ ತಾಯಿಯ ತಮ್ಮನ ಹೆಂಡತಿ. ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ ಮನೆ. ಅಲ್ಲಿಂದ ಕಕ್ಕಿಂಜೆಯವರೆಗೆ ಗುರುತಿನವರ ಯಾವ ಮನೆಯಲ್ಲಿ ಹೆರಿಗೆಯಾದರೂ ವಾರದೊಳಗೆ ಮಾಮಿಯ ಟಿಫಿನ್ ಕ್ಯಾರಿಯರ್ ತಲುಪುತ್ತದೆ. ನೆನೆಹಾಕಿದ ಮೆಂತೆ, ಅಕ್ಕಿ, ತೆಂಗಿನಹಾಲು, ಬೆಲ್ಲ ಹಾಕಿದ ಗಂಜಿ. ಬಾಣಂತಿಗೆ ಹಾಲು ಬರಬೇಕು, ಸೊಂಟ ಗಟ್ಟಿಯಾಗಬೇಕು. ನಮ್ಮ ಬ್ಯಾರಿಗಳ ಮನೆ, ಬಿಲ್ಲವರ ಮನೆ, ಗೌಡರ ಮನೆ ಎಂಬ ಭೇದವಿಲ್ಲ. ಅಂಥವರು ಮೆಂತೆ ಬಿಡುವುದೆಂದರೆ ಟೈಲರ್ ಸೂಜಿ ಬಿಟ್ಟ ಹಾಗೆ.

ಆ ವಾಯ್ಸ್ ನೋಟ್ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿತ್ತು. ಹಿಂದೆ ಪಿಟೀಲು, ಮುಂದೆ ಒಂದು ಹೆಣ್ಣುಧ್ವನಿ. ಕೆಲವು ಕಾಳುಗಳಲ್ಲಿ ಹೆಣ್ಣು ಹಾರ್ಮೋನ್ ಇದೆ, ಕ್ಯಾನ್ಸರಿಗೆ ಅದೇ ಊಟ, ಪ್ರತಿ ತಾಯಿಗೂ ಕಳಿಸಿ. ಉಳಿದವರು ಕೈಮುಗಿಯುವ ಇಮೋಜಿ ಹಾಕಿದರು. ನಾನು ಎರಡು ದಿನ ಓದಲು ಕೂತೆ. ಓದುತ್ತಾ ಹೋದಂತೆ ಕುರ್ಚಿಯಲ್ಲಿ ಕೂರಲಾಗಲಿಲ್ಲ! ಗಿಡಗಳು ನಿಜಕ್ಕೂ ನಮ್ಮ ಈಸ್ಟ್ರೋಜೆನ್ ಹಾರ್ಮೋನನ್ನು ಹೋಲುವ ವಸ್ತುಗಳನ್ನು ಮಾಡಿಕೊಳ್ಳುತ್ತವೆ. ಸೋಯಾದಲ್ಲಿ ಉಂಟು, ಅಗಸೆಯಲ್ಲಿ ಉಂಟು, ಎಳ್ಳಿನಲ್ಲಿ ಉಂಟು, ಮೆಂತೆಯಲ್ಲೂ ಸ್ವಲ್ಪ. ಗಿಡಕ್ಕೆ ಏನು ಗೊತ್ತು ನಮ್ಮ ಮೈಯ ಸಂಗತಿ? ಅದು ತನ್ನ ಪಾಡಿಗೆ ತನಗೆ ಬೇಕಾದ್ದನ್ನು ಮಾಡಿಕೊಂಡಿದೆ, ನಮ್ಮೊಳಗೆ ಬಂದರೆ ಅದಕ್ಕೊಂದು ಜಾಗವೂ ಸಿಗುತ್ತದೆ!

ಇದನ್ನೆಲ್ಲ ಅಂದು ಮಾಮಿಯ ಅಡುಗೆಮನೆಯಲ್ಲಿ ಭಾಷಣದಂತೆ ಹೇಳಿದೆ.

“ಮಾಮಿ, ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕ್ತಾರಲ್ಲ? ಈ ಗಿಡದ ಹಾರ್ಮೋನ್ ಆ ಟವೆಲ್. ಅದು ಸೀಟು ಹಿಡಿದರೆ ನಮ್ಮ ಮೈಯ ಜೋರಿನ ಹಾರ್ಮೋನಿಗೆ ನಿಂತುಕೊಂಡೇ ಹೋಗಬೇಕು.”

“ಟವೆಲ್ ಎತ್ತಿ ಬಿಸಾಡಿ ಕೂರುವವರೂ ಉಂಟು.”

ಮಾಮಿ ಹೇಳಿದ್ದು ಸರಿಯೇ. ಈ ಟವೆಲ್ಲು ಕೆಲವೊಮ್ಮೆ ತಾನೇ ಪ್ರಯಾಣಿಕನ ಹಾಗೆ ನಡೆದುಕೊಳ್ಳುವುದೂ ಉಂಟಂತೆ. ಹಾಗಾಗಿಯೇ ವಿಜ್ಞಾನಿಗಳೂ ಬಹಳ ಕಾಲ ಹೆದರಿದ್ದರು. ಆದರೆ ಊಟದಲ್ಲಿ ಸೋಯಾ ತಿನ್ನುವ ಹೆಂಗಸರಿಗೆ ಈ ಕಾಯಿಲೆ ಹೆಚ್ಚು ಬರುತ್ತದೆ ಎಂದು ತೋರಿಸಲು ಆಗಿಲ್ಲ, ಕಡಿಮೆ ಇರಬಹುದು ಎಂಬ ಕಡೆಗೇ ತಕ್ಕಡಿ ವಾಲುತ್ತದೆ. ಮೆಂತೆಯ ಬಗ್ಗೆ ಗೊತ್ತಿರುವುದು ಇನ್ನೂ ಸ್ವಲ್ಪವೇ. ಇಷ್ಟು ಹೇಳಿ, ಗೆದ್ದವಳ ಹಾಗೆ ಚಹಾ ಕುಡಿದೆ.

ಮಾಮಿ ಸ್ಟವ್ ಆರಿಸಿದರು.

“ಹಾಗಾದರೆ ಮೆಂತೆ ಬಿಟ್ಟು ಮೂರು ತಿಂಗಳಾದರೂ ಇದು ಯಾಕೆ ಕರಗ್ಲಿಲ್ಲ?”

“ಯಾವುದು ಮಾಮಿ?”

ಅವರು ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ತಲೆವಸ್ತ್ರದ ಮೇಲಿನಿಂದಲೇ ಎಡ ಎದೆಯ ಮೇಲೆ ಕೈಯಿಟ್ಟರು.

ಆ ಕ್ಷಣವೇ ಕಾರಿನ ಕೀ ಎತ್ತಿಕೊಂಡೆ ಎಂದು ಇದುವರೆಗೆ ಮೂರು ಜನರಿಗೆ ಹೇಳಿದ್ದೇನೆ. ಸುಳ್ಳು. ಚಹಾ ಮುಗಿಸಿದ್ದೆ, ಲೋಟ ತೊಳೆದಿಟ್ಟಿದ್ದೆ, “ಗಾಬರಿ ಬೇಡ” ಎಂದು ಮೂರ್ನಾಲ್ಕು ಸಲ ಹೇಳಿದ್ದೆ. ಹೊರಟದ್ದು ಮರುದಿನ. (ಮಾತು ನಡೆದದ್ದೂ ಬ್ಯಾರಿ ಭಾಷೆಯಲ್ಲಿ. ಕನ್ನಡಕ್ಕೆ ತರುವಾಗ ಅದಕ್ಕೊಂದು ಇಸ್ತ್ರಿ ಬಿದ್ದೇ ಬೀಳುತ್ತದೆ. ನಂಬುವಾಗ ಸ್ವಲ್ಪ ಚೌಕಾಸಿ ಮಾಡಿ.)

ಮಂಗಳೂರಿಗೆ ಹೋಗುವಾಗ ಮಾಮಿಗೆ ತನ್ನ ಚಿಂತೆಯೇ ಇರಲಿಲ್ಲ.

“ನಾನು ತಿಂದದ್ದು ನನಗೆ. ಎಷ್ಟು ಬಾಣಂತಿಯರಿಗೆ ಕುಡಿಸಿದ್ದೇನೆ ಗೊತ್ತುಂಟಾ ನಿನಗೆ?”

ಗುರುವಾಯನಕೆರೆಯಲ್ಲಿ ಹೆಸರು ಹೇಳಲು ಶುರುಮಾಡಿದರು. ಬಂಟ್ವಾಳ ದಾಟಿ ಬಿ.ಸಿ. ರೋಡಿನ ಬ್ಲಾಕಿನಲ್ಲಿ ಸಿಕ್ಕಿಬಿದ್ದಾಗಲೂ ಮುಗಿದಿರಲಿಲ್ಲ. ಯಾರಿಗೆ ಮೊದಲ ಹೆರಿಗೆ, ಯಾರಿಗೆ ಅವಳಿ, ಯಾರು ಬೆಲ್ಲ ಜಾಸ್ತಿ ಕೇಳಿದರು. ಒಂದೂ ತಪ್ಪಲಿಲ್ಲ. ವೈದ್ಯರ ಹತ್ತಿರ ಹೋಗದೆ ಮೂರು ತಿಂಗಳು ಪಥ್ಯ ಮಾಡಿದ್ದರ ಅರ್ಥ ನನಗೆ ಆಗ ಹೊಳೆಯಿತು. ಗಂಟು ಕರಗಿದ್ದರೆ ಮೆಂತೆಯೇ ಅಪರಾಧಿ ಎಂದು ಸಾಬೀತಾಗುತ್ತಿತ್ತು. ಕರಗದಿದ್ದರೆ ತಾನು ಉಳಿಯುವುದಿಲ್ಲ. ಮಾಮಿ ಎರಡಕ್ಕೂ ಹೆದರಿ ಕೂತಿದ್ದರು.

ಲೇಡಿ ಡಾಕ್ಟರು ಪರೀಕ್ಷೆ ಮಾಡಿ ಒಂದೇ ಪ್ರಶ್ನೆ ಕೇಳಿದರು. ಗಂಟು ಮೊದಲು ಕೈಗೆ ಸಿಕ್ಕಿದ್ದು ಯಾವಾಗ?

ಅಷ್ಟು ಹೆಸರು ನೆನಪಿದ್ದ ಮಾಮಿಗೆ ಇದು ಗೊತ್ತಿಲ್ಲ! ಪೆರ್ನಾಲ್ ಹಬ್ಬ ಕಳೆದ ಮೇಲೆ ಎಂದರು. ಅಲ್ಲ, ಉಪವಾಸದ ಮೊದಲು ಎಂದರು. ಮತ್ತೆ ಮೆಂತೆಯ ಕತೆಗೆ ಬಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು.

“ಅಮ್ಮ, ನಿಮ್ಮ ಗಂಜಿಯಿಂದ ಇದು ಬಂತು ಅಂತ ಹೇಳ್ಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ. ಅಡುಗೆಗೆ ಹಾಕುವಷ್ಟು ತಿನ್ನಿ. ಪೌಡರ್, ಕ್ಯಾಪ್ಸೂಲ್ ಅಂತ ಮಾರ್ತಾರಲ್ಲ, ಅದನ್ನು ಮಾತ್ರ ನನ್ನ ಹತ್ತಿರ ಕೇಳದೆ ಮುಟ್ಟಬೇಡಿ. ಆದರೆ ಮೂರು ತಿಂಗಳು ಹಾಳು ಮಾಡಿದ್ರಲ್ಲ, ಅದರಿಂದ ಎಷ್ಟು ಅಪಾಯ ಅಂತ ನನಗೆ ಗೊತ್ತುಂಟು.”

“ಹಾಗಾದ್ರೆ ಆ ಬಾಣಂತಿಯರಿಗೆ ನಾನು ಕೆಡುಕು ಏನೂ ಮಾಡ್ಲಿಲ್ಲ?”

“ನೀವು ಹೊಟ್ಟೆ ತುಂಬಿಸಿದ್ದೀರಿ ಅಷ್ಟೆ.”

ಮಾಮಿ ಅಳಲು ಶುರುಮಾಡಿದರು. ತನ್ನ ರಿಪೋರ್ಟು ಬರುವ ಮೊದಲೇ!

ರಿಪೋರ್ಟು ಬಂತು. ಕ್ಯಾನ್ಸರೇ. ಗಂಟು ಚಿಕ್ಕದು, ಬೇರೆಲ್ಲೂ ಹರಡಿದ್ದು ಕಾಣಲಿಲ್ಲ. ಆಪರೇಷನ್ ಆಯಿತು. ಇನ್ನೂ ಚಿಕಿತ್ಸೆ ಉಂಟು, ಆದರೆ ಡಾಕ್ಟರ ಮುಖದಲ್ಲಿ ನಗು ಕಂಡೆವು. ಆ ದಿನ ನಾನು ಆಸ್ಪತ್ರೆಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆ. (ಇದು ನಿಜ. ಕಾಲು ಉಳುಕಿದ್ದು ಸಾಕ್ಷಿ.)

ಹೋದ ವಾರ ಮಾಮಿ ಲಾಯಿಲಕ್ಕೆ ಮರಳಿದರು. ಸಂಜೆಯಾದರೆ ನೋಡಲು ಬರುವವರ ಸಾಲು. ಬಂದವರ ಕೈಯಲ್ಲಿ ಮೂಸಂಬಿ, ಬಾಯಲ್ಲಿ ಕಾರಣ. ಮಾಮನ ಪ್ರಕಾರ ಮಾಮಿ ತನ್ನ ಜೊತೆ ದುಬೈಯಲ್ಲಿದ್ದಾಗ ತಿಂದ ಡಬ್ಬಿ ಆಹಾರ. ಒಬ್ಬರಿಗೆ ಬ್ರಾಯ್ಲರ್ ಕೋಳಿ, ಒಬ್ಬರಿಗೆ ಮೊಬೈಲ್ ಟವರ್, ಇನ್ನೊಬ್ಬರಿಗೆ ಕಣ್ಣುಬಿದ್ದದ್ದು. ಎಲ್ಲರಿಗೂ ದಿನ, ವಾರ ಸಮೇತ ನೆನಪು! ಗಂಟು ಸಿಕ್ಕಿದ ಮೇಲೆ ನಮ್ಮ ನೆನಪಿಗೆ ಪೊಲೀಸ್ ಟೋಪಿ ಬರುತ್ತದೆ. ಸೀದಾ ಅಡುಗೆಮನೆಗೆ ನುಗ್ಗಿ ಎದುರು ಸಿಕ್ಕಿದ್ದನ್ನು ಹಿಡಿದು ತರುತ್ತದೆ. ಏನು ತಿಂದೆ ಎಂದು ಕೇಳುವುದು ಸುಲಭ. ಎಲ್ಲರೆದುರು ಕೇಳಬಹುದು. ಮುಟ್ಟಿ ನೋಡಿಕೊಂಡೆಯಾ, ತೋರಿಸಿದೆಯಾ ಎಂದು ಯಾರು ಕೇಳುತ್ತಾರೆ?

ಮೊನ್ನೆ ಎಲ್ಲರೂ ಎದ್ದುಹೋದ ಮೇಲೂ ಪಕ್ಕದ ಮನೆಯ ಕುಸುಮ ಕೂತೇ ಇದ್ದಳು. ನಲವತ್ತರ ಆಸುಪಾಸು. ಬೀಡಿ ಕಟ್ಟುತ್ತಾಳೆ, ಮಾತು ಕಡಿಮೆ. ನಾನು ಲೋಟಗಳನ್ನು ಒಟ್ಟುಮಾಡುತ್ತಿದ್ದೆ. ಅವಳು ಸೆರಗಿನ ಅಂಚನ್ನು ಸುತ್ತುತ್ತಾ, ಬಿಚ್ಚುತ್ತಾ, ತುಳುವಿನಲ್ಲಿ ಮೆಲ್ಲಗೆ ಕೇಳಿದಳು:

“ಜುಲೇಖಕ್ಕ, ಶುರುವಿಗೆ ನೋವು ಇತ್ತಾ?”

“ಇಲ್ಲ.”

ಕುಸುಮ ತಲೆ ಎತ್ತಲಿಲ್ಲ. ಮಾಮಿ ಆಪರೇಷನ್ನಿನ ಹೊಲಿಗೆ ಬಿದ್ದ ಬದಿಯ ಕೈಯನ್ನು ಹಿಡಿದುಕೊಂಡು, ನಿಧಾನಕ್ಕೆ ದಿಂಬಿನಿಂದ ಎದ್ದು ಕೂತರು.

“ನಿನ್ನದು ಯಾವ ಬದಿಯಲ್ಲಿ, ಕುಸುಮಾ?”