ಬೇರಕ್ಕ ಮತ್ತು ಬಾತುಕೋಳಿ ಮನೆಯವರು

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಯಾರ ಮುತ್ತಜ್ಜಿ ಯಾರಿಗೆ ಚಿಕ್ಕಮ್ಮ, ಯಾವ ಮನೆತನದ ಮೂಲ ಎಲ್ಲಿ ಎಂದು ಸದಾ ಕೆದಕುತ್ತಿದ್ದವಳಿಗೆ ಊರವರು ಬೇರಕ್ಕ ಎಂದರು, ಅದೇ ನಿಂತಿತು.

ಈ ಹುಚ್ಚು ಹತ್ತಿಸಿದವರು ಅವಳ ಅತ್ತೆ. ಮದುವೆಯ ಹೊಸತರಲ್ಲಿ ಒಗೆದ ಬಟ್ಟೆ ಮಡಚುತ್ತ, "ಮುತ್ತಾತ ಯಾರು ಅಂತ ಗೊತ್ತಿಲ್ದೋರೆಲ್ಲ ಈ ಮನೆಗೆ ಸೊಸೆಯಂದಿರಾಗಿ ಬಂದ್ಬಿಟ್ರು" ಎಂದು ಚುಚ್ಚಿದ್ದರು. ಬೇರಕ್ಕ ಆಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕರೆ ಜೋಡಿಸುವ ಕೆಲಸದಲ್ಲಿದ್ದಳು. ಅತ್ತೆಯ ಮಾತು ಮನಸ್ಸಿಗೆ ಅಂಟಿಕೊಂಡೇ ಉಳಿಯಿತು. ರಜೆ ಬಂದರೆ ಸಾಕು, ಮುದುಕರಿದ್ದ ಮನೆಗಳ ಜಗಲಿ ಹುಡುಕಿಕೊಂಡು ಹೊರಡುತ್ತಿದ್ದಳು. ಕೆಲವು ವರ್ಷಗಳ ಮೇಲೆ ಅತ್ತೆಯ ಮುಂದೆ ಬಂದು ಕೂತು, "ನಿಮ್ಮ ಮುತ್ತಜ್ಜಿ, ನನ್ನ ಮುತ್ತಜ್ಜಿ ಒಡಹುಟ್ಟಿದೋರು, ಅತ್ತೆ" ಎಂದಳು.

ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. "ಹಾಗಾದ್ರೆ ನೀನು ನಂಗೆ ತಂಗಿ ಆಗ್ತೀಯಲ್ಲೇ!"

ಆವತ್ತಿನಿಂದ ಅತ್ತೆಯ ನಾಲಿಗೆಗೆ ಬೆಣ್ಣೆ ಹಚ್ಚಿದಂತಾಯಿತು. ಗಂಡ ಮಾತ್ರ, "ಚಿಕ್ಕಮ್ಮಾ, ಕಾಫಿ" ಎಂದು ವಾರವಿಡೀ ರೇಗಿಸಿದ.

ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಬೇರಕ್ಕ ಊರ ಗ್ರಂಥಾಲಯದ ಹಿಂದಿನ ಕೋಣೆ ಹಿಡಿದಳು. ಕಾಲು ಅಲುಗಾಡುವ ಮೇಜು, ಸದಾ ಅರ್ಧ ಮಾತ್ರ ತೆರೆಯುವ ಕಿಟಕಿ, ಗೋಡೆಯ ತುಂಬ ಮನೆತನಗಳ ವಂಶವೃಕ್ಷ. ಸಂಬಳ ಇಲ್ಲ, ಸಾರಿಗೆ ಇಲ್ಲ. ಹಳೆಯ ಫೋಟೊ ಹಿಡಿದುಕೊಂಡು ಬಂದವರಿಗೆ ಅದರಲ್ಲಿದ್ದವರನ್ನು ಗುರುತಿಸಿ ಕೊಡುವುದು, ಜಗಳವಾಡಿಕೊಂಡ ದಾಯಾದಿಗಳಿಗೆ 'ನೀವಿಬ್ಬರೂ ಒಂದೇ ಬಳ್ಳಿಯ ಕಾಯಿ' ಎಂದು ತೋರಿಸಿ ಕಳಿಸುವುದು, ಇದೇ ಅವಳ ದಿನಚರಿ.

ಒಂದು ದಿನ ಆ ಕೋಣೆಯ ಬಾಗಿಲಲ್ಲಿ ಕಟಿಂಗ್ ಅಂಗಡಿಯವನು ಬಂದು ನಿಂತ. ತಲೆ ನರೆತವನು, ಅನಾಥಾಲಯದಲ್ಲಿ ಬೆಳೆದವನು. ಹಿಂದೆ ಹೊಳೆಗೆ ದೊಡ್ಡ ನೆರೆ ಬಂದು ಸೇತುವೆ ಕೊಚ್ಚಿಹೋದಾಗ, ದೋಣಿಯೊಂದರಲ್ಲಿ ಸಿಕ್ಕ ಪುಟ್ಟ ಮಕ್ಕಳಲ್ಲಿ ಅವನೂ ಒಬ್ಬ. ಉಳಿದವರನ್ನು ಅವರವರ ಮನೆಯವರು ಬಂದು ಕರೆದೊಯ್ದರು. ಇವನನ್ನು ಕೇಳಿಕೊಂಡು ಯಾರೂ ಬರಲಿಲ್ಲ.

"ಮೊಮ್ಮಗಳು ಕೇಳ್ತಾಳೆ ಅಕ್ಕಾ, ತಾತಾ, ನಿನ್ನ ಅಮ್ಮ ಯಾರು ಅಂತ. ಏನು ಹೇಳ್ಲಿ?" ಎಂದ.

ಬೇರಕ್ಕ ಕೂಡಲೇ ಕೆಲಸಕ್ಕಿಳಿದಳು. ಅದೇ ನೆರೆಯಲ್ಲಿ ಮರದ ಡಿಪೋದ ಯಜಮಾನರ ತಮ್ಮನೊಬ್ಬ ಕಾಣೆಯಾಗಿದ್ದ. ವಯಸ್ಸು ತಾಳೆಯಾಯಿತು. ಇವನ ಮೂಗು, ಯಜಮಾನರ ಮೂಗು ಎರಕ ಹೊಯ್ದ ಹಾಗೆ ಒಂದೇ. ಸುದ್ದಿ ಊರೆಲ್ಲ ಹಬ್ಬಿತು. ಯಜಮಾನರು ಕಾರಿನಲ್ಲಿ ಬಂದು ಕಟಿಂಗ್ ಅಂಗಡಿಯವನನ್ನು ತಬ್ಬಿಕೊಂಡೂ ಆಯಿತು. ಆಮೇಲೆ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂತು: ಇಬ್ಬರಿಗೂ ಯಾವ ಸಂಬಂಧವೂ ಇಲ್ಲ.

ಆಡಿಕೊಳ್ಳುವವರಿಗೆ ಇನ್ನೇನು ಬೇಕು? "ಬೇರಕ್ಕ ಯಾರದೋ ಬೇರಿಗೆ ಯಾರದೋ ಕೊಂಬೆ ಕಸಿ ಕಟ್ಟೋಕೆ ಹೋದ್ಲು" ಎಂದು ನಕ್ಕರು. ನಕ್ಕವರ ಮಾತು ಅವಳಿಗೆ ಅಷ್ಟು ತಾಗಲಿಲ್ಲ. ಆ ಮನುಷ್ಯನ ಕೈಗೆ ಅಣ್ಣನನ್ನು ಕೊಟ್ಟು ಮತ್ತೆ ಕಿತ್ತುಕೊಂಡೆನಲ್ಲ ಎಂಬುದು ಮಾತ್ರ ಬಿಡದೆ ಕಾಡಿತು. ಕೋಣೆಗೆ ಬೀಗ ಹಾಕಿ ಮನೆಯಲ್ಲಿ ಕೂತಳು.

ಕೊನೆಗೆ ಗಂಡನೇ, "ಮುಖ ಮುಚ್ಕೊಂಡು ಕೂತ್ರೆ ಅವನ ನೋವು ಕಡಿಮೆ ಆಗುತ್ತಾ? ಹೋಗಿ ಕ್ಷಮೆ ಕೇಳ್ಬಾ" ಎಂದು ಎಬ್ಬಿಸಿ ಕಳಿಸಿದ.

ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಬೆಳಗಿನಿಂದ ನಿಂತು ಊದಿದ ಕಾಲುಗಳನ್ನು ಅವನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಕೂತಿದ್ದ. ಅವಳನ್ನು ಕಂಡು ಗಡಿಬಿಡಿಯಿಂದ ಎದ್ದ. ಒದ್ದೆ ಕಾಲುಗಳನ್ನು ನೆಲದ ಮೇಲೆ ಊರಿದ. ಕ್ಷಮೆ ಕೇಳಲು ಬಾಯಿ ತೆರೆದವಳ ಕಣ್ಣು ಅಲ್ಲೇ ನೆಟ್ಟಿತು. ಎರಡೂ ಪಾದಗಳಲ್ಲಿ ಹೆಬ್ಬೆರಳಿನ ಪಕ್ಕದ ಎರಡು ಬೆರಳು ಉಗುರಿನವರೆಗೆ ಒಂದಕ್ಕೊಂದು ಕೂಡಿಕೊಂಡಿದ್ದವು.

"ಇದು ಹುಟ್ಟಿನಿಂದ್ಲೇನಾ?"

"ಹೂಂ ಅಕ್ಕಾ. ನನ್ನ ಮಗನಿಗೂ ಹೀಗೇ."

"ಅಯ್ಯೋ ಪುಣ್ಯಾತ್ಮ, ಇಷ್ಟು ದಿನ ಹೇಳ್ಲೇ ಇಲ್ವಲ್ಲೋ!"

"ನೀವು ನನ್ನ ಮೂಗೇ ನೋಡ್ತಿದ್ರಿ. ಕಾಲು ಯಾರು ಕೇಳಿದ್ರು?"

ಬೇರಕ್ಕ ಅಲ್ಲಿಂದ ನೇರವಾಗಿ ಬಸ್ ನಿಲ್ದಾಣದ ಎದುರಿನ ಚಪ್ಪಲಿ ಅಂಗಡಿಗೆ ನಡೆದಳು. ಅಂಗಡಿಯ ಅಜ್ಜ ಒಂದು ಕಾಲದಲ್ಲಿ ಸುತ್ತಲಿನ ಊರುಗಳಿಗೆಲ್ಲ ಅಳತೆ ತೆಗೆದು ಹೊಲಿದುಕೊಟ್ಟವರು. ಅವಳ ಪ್ರಶ್ನೆ ಮುಗಿಯುವ ಮೊದಲೇ ನಕ್ಕರು.

"ಆಚೆ ದಡದ ಬಾತುಕೋಳಿ ಮನೆಯವ್ರು! ದೋಣಿ ಕಟ್ತಿದ್ರು ನೋಡು, ಅವ್ರೇ. ನೀರಲ್ಲೇ ಬದುಕೋರಿಗೆ ದೇವ್ರು ಬಾತುಕೋಳಿ ಪಾದ ಕೊಟ್ಟಿದ್ದಾನೆ ಅಂತ ಜನ ತಮಾಷೆ ಮಾಡೋರು. ಅವ್ರಿಗೆ ಮುಂದ್ಗಡೆ ಅಗಲ ಮಾಡಿ ಹೊಲೀಬೇಕಿತ್ತು."

ಮರುದಿನ ಬೇರಕ್ಕ ಸೇತುವೆ ದಾಟಿದಳು. ದೋಣಿ ಕಟ್ಟುತ್ತಿದ್ದ ಮನೆಯಲ್ಲಿ ಈಗ ಮೇಜು ಕುರ್ಚಿ ಮಾಡುತ್ತಿದ್ದರು. ಅಂಗಳದ ತುಂಬ ಮರದ ಹೊಟ್ಟು, ಅಂಟಿನ ವಾಸನೆ. ಆ ಮನೆಯ ಹಿರಿಯಕ್ಕ ಮೂಟೆಯಂಥ ಮೈಕಟ್ಟಿನ ಹೆಂಗಸು. ಕನ್ನಡಕ ಹಣೆಗೇರಿಸಿಕೊಂಡು ಕುರ್ಚಿಯ ಕಾಲಿಗೆ ಮರಳು ಕಾಗದ ಉಜ್ಜುತ್ತಿದ್ದಳು. ನೆರೆಯ ಮಾತೆತ್ತಿದ ಕೂಡಲೇ ಅವಳ ಕೈ ನಿಂತಿತು.

"ನಮ್ಮ ಚಿಕ್ಕವನು ಹೋಗ್ಬಿಟ್ಟ" ಎಂದಳು. "ನಮ್ಮ ದೋಣಿ ತುಂಬಿತ್ತು. ಪಕ್ಕದ ದೋಣಿಗೆ ನಾನೇ ಎತ್ತಿ ಕೊಟ್ಟೆ. ಆ ದೋಣಿ ಮಗುಚಿತು ಅಂದ್ರು, ಸೇತುವೆ ಬೇರೆ ಇರ್ಲಿಲ್ಲ, ನಂಬ್ಕೊಂಡು ಸುಮ್ನಾದ್ವಿ. ಅಮ್ಮ ಸಾಯೋವರ್ಗೂ ನನ್ನನ್ನ ಒಂದು ಮಾತು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಬೇರಕ್ಕನಿಗೆ ಎಲ್ಲವನ್ನೂ ಅಲ್ಲೇ ಹೇಳಿಬಿಡುವ ಆಸೆ. ಆದರೆ ಒಮ್ಮೆ ಬಿಸಿಹಾಲು ಕುಡಿದು ಬಾಯಿ ಸುಟ್ಟುಕೊಂಡಿದ್ದಳು. "ಒಂದು ಪರೀಕ್ಷೆಗೆ ಒಪ್ಕೊಳ್ತೀರಾ? ಆಸೆ ಇಟ್ಕೋಬೇಡಿ" ಎಂದಷ್ಟೇ ಹೇಳಿದಳು. ಇತ್ತ ಬಂದು ಕಟಿಂಗ್ ಅಂಗಡಿಯವನಿಗೂ ಅದನ್ನೇ ಹೇಳಿದಳು.

ಅವನು ಬಾಚಣಿಗೆ ಒರೆಸಿ ಇಟ್ಟ. ಆಮೇಲೆ, "ಇದೇ ಕೊನೇ ಸಲ ಅಕ್ಕಾ. ಇನ್ನೊಂದ್ಸಲ ನನ್ನ ಕೈಲಾಗಲ್ಲ" ಎಂದ.

ಫಲಿತಾಂಶ ಬಂದ ದಿನ ಬೇರಕ್ಕ ಲಕೋಟೆ ಹರಿಯಲಾರದೆ ಗಂಡನ ಕೈಗೆ ಕೊಟ್ಟಳು. ಅವನು ಓದಿದ, ಮತ್ತೊಮ್ಮೆ ಓದಿದ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಹೊರಡು, ಹೊರಡು! ಚಪ್ಪಲಿ ಮೆಟ್ಕೊ!" ಎಂದು ಕೂಗಿದ. ಆರು ದಶಕದ ಹಿಂದೆ ನೀರುಪಾಲಾದನೆಂದುಕೊಂಡಿದ್ದ ತಮ್ಮ, ಅಕ್ಕನಿಗೆ ಸಿಕ್ಕಿದ್ದ.

ದೋಣಿಮನೆಯ ಅಂಗಳದಲ್ಲಿ ಕಟಿಂಗ್ ಅಂಗಡಿಯವನು ಕಾಲಿಟ್ಟಾಗ ಮನೆಮಂದಿಯೆಲ್ಲ ಸಾಲಾಗಿ ನಿಂತಿದ್ದರು. ಅಕ್ಕ ನಿಧಾನವಾಗಿ ಹತ್ತಿರ ಬಂದು ಅವನ ಕಿವಿ ಹಿಡಿದಳು.

"ಎಲ್ಲಿಗೆ ಹೋಗಿದ್ಯೋ ಇಷ್ಟು ದಿನ?"

"ಇಲ್ಲೇ ಇದ್ದೆ ಅಕ್ಕಾ. ಸೇತುವೆ ಆಚೆ."

ಅಕ್ಕ ಕಿವಿ ಬಿಟ್ಟು ಅವನ ಎದೆಗೊರಗಿ ಅತ್ತಳು. ಅಷ್ಟು ವರ್ಷ ಅಳದೆ ಉಳಿಸಿಕೊಂಡಿದ್ದೆಲ್ಲ ಒಮ್ಮೆಲೇ ಹರಿಯಿತು. ಹಿಂದೆ ನಿಂತಿದ್ದ ಯಾರೋ ಚಪ್ಪಲಿ ಕಳಚಿ ತಮ್ಮ ಪಾದ ಮುಂದೆ ಚಾಚಿದರು. ಇನ್ನೊಬ್ಬರು, ಮತ್ತೊಬ್ಬರು ಹಾಗೇ ಮಾಡಿದರು. ಅವನೂ ನಾಚುತ್ತ ತನ್ನದನ್ನು ಚಾಚಿದ. ಅಂಗಳವೆಲ್ಲ ಬಾತುಕೋಳಿ ಪಾದಗಳು! ಅಳುತ್ತಿದ್ದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದಿನ ಭಾನುವಾರ ಆ ಕುಟುಂಬವೆಲ್ಲ ಮೇಜು ಸಾಗಿಸುವ ಟೆಂಪೊ ಹತ್ತಿ ಈಚೆ ದಡಕ್ಕೆ ಬಂತು. ಎಲ್ಲರಿಗೂ ಕಟಿಂಗ್ ಆಗಬೇಕಿತ್ತಂತೆ, ಅದೂ ಇವನ ಕೈಯಿಂದಲೇ. ಅಂಗಡಿಯ ಒಳಗೆ ಜಾಗ ಸಾಲದೆ ಸಾಲು ಬೀದಿಯ ತಿರುವಿನವರೆಗೆ ಬೆಳೆಯಿತು. ನೋಡಲು ಬಂದ ಡಿಪೋ ಯಜಮಾನರೂ, "ನನ್ನ ತಮ್ಮ ಅಲ್ದಿದ್ರೇನು, ನಂಗೂ ಒಂದು ಕಟಿಂಗ್ ಮಾಡಪ್ಪ" ಎಂದು ಸಾಲಿನಲ್ಲಿ ನಿಂತರು. ಆಮೇಲೆ ಬೇರಕ್ಕನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ನನ್ನ ತಮ್ಮನ್ನೂ ಇನ್ನೊಂದ್ಸಲ ಹುಡುಕಿ ನೋಡ್ತೀಯೇನಮ್ಮಾ?" ಎಂದು ಕೇಳಿದರು.

"ಅಲ್ಲೇ ಕೂತ್ಕೊಳ್ಳಿ" ಎಂದಳು ಬೇರಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ಈ ಸಲ ಕಾಲಿನಿಂದ ಶುರು ಮಾಡೋಣ."